ಇಪ್ಪತ್ತೊಂದು ಹಸಿ ನಾಯಿಗಳು

ಶನಿವಾರಸಂತೆಯ ಏಲಕ್ಕಿ ವ್ಯಾಪಾರಿ ಚನ್ನಮಲ್ಲಪ್ಪನವರ ಪಡಸಾಲೆಯಲ್ಲಿ ಕೈಯಿರುವ ಕುರ್ಚಿ ಒಂದೇ ಒಂದು ಇತ್ತು. ಬೀಟೆ ಮರದ್ದು, ಬೆತ್ತ ಹೆಣೆದದ್ದು, ಸೀಮೆಗೆ ವಾಪಸು ಹೋದ ಯಾವನೋ ದೊರೆಯ ಹರಾಜಿನಲ್ಲಿ ಸಿಕ್ಕಿದ್ದು. ಮಂಡಿನೋವಿನ ಚನ್ನಮಲ್ಲಪ್ಪನವರು ಸದಾ ಮಂಚದ ಮೇಲೇ ಇರುತ್ತಿದ್ದರಿಂದ ಆ ಕುರ್ಚಿ ಅಳಿಯನ ಪಾಲಿನದಾಗಿತ್ತು. ಅಳಿಯಂದಿರು ಇಬ್ಬರು, ಕುರ್ಚಿ ಒಂದು. ಮುಂದೆ ನಡೆದದ್ದಕ್ಕೆಲ್ಲ ಇಷ್ಟೇ ಕಾರಣ.

ಹಿರಿಯ ಅಳಿಯ ಪರಮೇಶಪ್ಪ. ಪೊನ್ನಂಪೇಟೆಯಲ್ಲಿ ದಿನಸಿ ಅಂಗಡಿ. ಹಿರಿಯ ಮಗಳು ಸುಲೋಚನಮ್ಮನ ಕೈ ಹಿಡಿದಂದಿನಿಂದ ಹನ್ನೆರಡು ವರ್ಷ ಆ ಕುರ್ಚಿಯಲ್ಲಿ ಕೂತವನು ಅವನೇ. ಕಿರಿಯ ಅಳಿಯ, ರುದ್ರಮ್ಮನ ಗಂಡ ಕರಿಬಸಪ್ಪ, ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಎಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತೆ. ಅವನು ಚಾಪೆಯ ಮೇಲೆ ಕೂರುತ್ತಿದ್ದ. ಲೋಕ ನೆಟ್ಟಗಿತ್ತು.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಕರಿಬಸಪ್ಪನ ದೊರೆ ರಜೆಯ ಮೇಲೆ ಹೋಗುವಾಗ ತನ್ನ ಹಳೆಯ ಡಬ್ಬಿ ಕ್ಯಾಮೆರಾವನ್ನು ಅವನಿಗೆ ಕೊಟ್ಟುಹೋದ. ಗೌರಿ ಹಬ್ಬಕ್ಕೆ ಕರಿಬಸಪ್ಪ ಮಾವನವರ ಫೋಟೋ ತೆಗೆದ. ದೀಪಾವಳಿಗೆ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತಂದ. ಚನ್ನಮಲ್ಲಪ್ಪನವರು ತಮ್ಮ ಮೀಸೆಯನ್ನು ಗಾಜಿನೊಳಗೆ ಕಂಡು ಹೊರಗಿನ ಮೀಸೆಯನ್ನು ತಿರುವಿಕೊಂಡರು. ಪರಮೇಶಪ್ಪ ಊಟ ಮುಗಿಸಿ ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಕರಿಬಸಪ್ಪ ಕುರ್ಚಿಯಲ್ಲಿದ್ದ. ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲೆ ಚಾಚಿದ್ದ.

"ಪರಮೇಶಪ್ಪ, ನೀನು ಮನೆ ಮಗ ಇದ್ದಂಗೆ," ಎಂದರು ಮಾವ. "ಅಲ್ಲೇ ಚಾಪೆ ಮೇಲೆ ಕೂತ್ಕೊಳಪ್ಪ."

ಮನೆಮಗ ಎಂಬ ಪದವಿ ಚಾಪೆಯ ಮೇಲಿನದು ಎಂದು ಪರಮೇಶಪ್ಪನಿಗೆ ಆವತ್ತು ತಿಳಿಯಿತು.

ವಾಪಸು ಬರುವ ಬಸ್ಸಿನಲ್ಲಿ ಮಡಿಕೇರಿ ದಾಟುವವರೆಗೂ ಅವನು ಸೊಂಟ ಉಜ್ಜಿಕೊಳ್ಳುತ್ತಿದ್ದ. ಸುಲೋಚನಮ್ಮ ಕೇಳಿದಳು: "ಏನ್ರೀ, ಚಾಪೆ ಒತ್ತಿತಾ?"

"ಆ ಫೋಟೋದಲ್ಲಿ ಮಾವನೋರು ಸತ್ತೋರ ಥರ ಕೂತಿದಾರೆ. ಅಲ್ಲಾಡಲ್ಲ, ಏನಿಲ್ಲ."

"ಫೋಟೋ ಅಲ್ಲಾಡಲ್ಲಾರೀ."

"ಅದಕ್ಕೇ ಹೇಳಿದ್ದು," ಎಂದು ಪರಮೇಶಪ್ಪ ಕಿಟಕಿಯ ಕಡೆ ತಿರುಗಿದ.

ಪಾಲಿಬೆಟ್ಟದ ಬಂಗಲೆಗಳಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳು ಅವನ ಅಂಗಡಿಗೆ ತೂಕದ ಮೇಲೆ ಬರುತ್ತಿದ್ದವು, ಬೆಲ್ಲ ಮೆಣಸಿನಕಾಯಿ ಕಟ್ಟಲು. ಒಂದು ದಿನ ಬೆಲ್ಲಕ್ಕೆಂದು ಹರಿದ ಹಾಳೆಯಲ್ಲಿ ಒಂದು ಮಣ್ಣಿನ ಕರಡಿ, ಅದರ ಪಕ್ಕದಲ್ಲಿ ಕನ್ನಡಕದ ಒಬ್ಬ ಬಿಳಿಯ. ಪರಮೇಶಪ್ಪ ಲೋವರ್ ಸೆಕೆಂಡರಿವರೆಗೆ ಓದಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಓದಿದ. ಹಸಿ ಮಣ್ಣಿನ ಗೊಂಬೆಯನ್ನು ಎಳ್ಳಿನಷ್ಟು ಸರಿಸುವುದು, ಸಿನಿಮಾ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ಒಂದು. ಹೀಗೆ ನೂರಾರು ಚಿತ್ರ ತೆಗೆದು ಓಡಿಸಿದರೆ ಮಣ್ಣು ತಾನಾಗಿ ಎದ್ದು ನಡೆಯುತ್ತದೆ. ಕರಿಬಸಪ್ಪನ ಡಬ್ಬಿ ಜೀವವಿದ್ದ ಮಾವನವರನ್ನೇ ಕಲ್ಲು ಮಾಡಿತ್ತು. ಮಣ್ಣಿಗೇ ಜೀವ ಬರಿಸಿದ ಅಳಿಯನನ್ನು ಯಾವ ಮಾವ ತಾನೇ ಚಾಪೆಯ ಮೇಲೆ ಕೂರಿಸುತ್ತಾನೆ?

ಬೆಲ್ಲದ ಗಿರಾಕಿ ಹಾಳೆಯಿಲ್ಲದೆ ಬರಿಗೈಯಲ್ಲೇ ಬೆಲ್ಲ ಹಿಡಿದುಕೊಂಡು ಹೋದ.

ಪರಮೇಶಪ್ಪ ಬೆಂಗಳೂರು ದಂಡಿನ ಒಂದು ಅಂಗಡಿಗೆ ಬರೆದ. ಕ್ಯಾಟಲಾಗು ಬಂತು. ಅವನ ಕೈಗೆಟುಕುವಂಥ ಸಿನಿಮಾ ಕ್ಯಾಮೆರಾಗಳು ಅದರಲ್ಲಿ ಎರಡಿದ್ದವು. ಒಂದಕ್ಕೆ ಪಕ್ಕದಲ್ಲಿ ಹಿಡಿ. ಒಂದು ಸುತ್ತು ತಿರುಗಿಸಿದರೆ ಎಂಟು ಚಿತ್ರ. ಅಂದಾಜಿನ ಮೇಲೆ ಎಂಟರಲ್ಲೊಂದು ಸುತ್ತು ತಿರುಗಿಸಿದರೆ ಒಂದೇ ಚಿತ್ರ. ಇನ್ನೊಂದು ಕೀಲಿ ಕೊಡುವುದು, ಗಡಿಯಾರದ ಹಾಗೆ. ಗುಂಡಿ ಒತ್ತಿದರೆ ಬಿಡುವವರೆಗೂ ತಾನೇ ಓಡುತ್ತದೆ, ಸೆಕೆಂಡಿಗೆ ಹದಿನಾರರಂತೆ. ಅಂಗಡಿಯವನು ಪ್ರಾಮಾಣಿಕ. ಜತೆಯ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದ: ತಮ್ಮ ಗೊಂಬೆ ಕೆಲಸಕ್ಕೆ ಹಿಡಿ ಇರುವುದೇ ಸರಿ, ಕೀಲಿಯದು ಒಂದೊಂದೇ ಚಿತ್ರ ತೆಗೆಯುವುದಿಲ್ಲ, ಮೇಲಾಗಿ ಹಿಡಿಯದರ ಬೆಲೆಯೂ ಕಡಿಮೆ.

"ಮಾರೋನೇ ಕಮ್ಮೀದು ತಗೋ ಅಂತ ಬರೆದವ್ನೆ. ಹಂಗೆ ಬರೆಯೋ ಅಂಗಡಿಯೋನನ್ನ ನಾನು ಕಂಡಿಲ್ಲಪ್ಪ," ಎಂದಳು ಸುಲೋಚನಮ್ಮ. ಅವಳಿಗೆ ಮನೆಯಲ್ಲೇ ಒಬ್ಬ ಅಂಗಡಿಯವನ ಪರಿಚಯವಿತ್ತು.

"ನಿಂಗೆ ಗೊತ್ತಾಗಲ್ಲ. ನಾನು ಹಿಡಿ ತಿರುಗಿಸ್ತಾ ನಿಂತ್ರೆ ಆ ಕರಿಬಸಪ್ಪ ಏನಂತಾನೆ? 'ಅಣ್ಣ ಪಲ್ಪರ್ ಕೊಂಡ್ಕೊಂಡವ್ರೆ' ಅಂತಾನೆ."

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಎಸ್ಟೇಟಿನಲ್ಲಿ ಅದರ ಹಿಡಿಯನ್ನು ಆಳುಗಳು ತಿರುಗಿಸುತ್ತಾರೆ, ರೈಟರು ಪಕ್ಕದಲ್ಲಿ ನಿಂತು ನೋಡುತ್ತಾನೆ. ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಪರಮೇಶಪ್ಪನಿಗೆ ಆಯ್ಕೆ ಕಷ್ಟವಾಗಲಿಲ್ಲ.

"ಕೀಲೀದು ಒಂದೊಂದೇ ತೆಗೆಯಲ್ಲ ಅಂತ ಇದೆಯಲ್ರೀ."

"ಬೇಗ ಒತ್ತಿ ಬೇಗ ಬಿಟ್ರೆ ಒಂದೇ. ತಕ್ಕಡಿ ಹಿಡಿದ ಕೈ ಕಣೇ ಇದು."

ಕೀಲಿಯದಕ್ಕೆ ಆರ್ಡರು ಹೋಯಿತು. ಜತೆಗೆ ಮುಕ್ಕಾಲಿ ಸ್ಟ್ಯಾಂಡು, ಚಿತ್ರ ತೋರಿಸುವ ಯಂತ್ರ, ಮೂವತ್ತು ಅಡಿಯ ಫಿಲ್ಮು ಒಂದು. ಸುಲೋಚನಮ್ಮನಿಗೆ ಅವನು ಒಂದೇ ಷರತ್ತು ಹಾಕಿದ: ಯುಗಾದಿಯವರೆಗೆ ವಿಷಯ ಕರಿಬಸಪ್ಪನ ಕಿವಿಗೆ ಬೀಳಕೂಡದು. ಪೊನ್ನಂಪೇಟೆಯಲ್ಲಿ ಆಡಿದ ಮಾತು ಮಧ್ಯಾಹ್ನದ ಬಸ್ಸಿಗೆ ಪಾಲಿಬೆಟ್ಟ ಸೇರುವ ಕಾಲ ಅದು. ಆದ್ದರಿಂದ ಊರಿನಲ್ಲಿ ಯಾರಿಗೂ ಹೇಳಕೂಡದು.

ಇನ್ನು ಗೊಂಬೆ. ಕುಂಬಾರ ನಿಂಗನ ಅಂಗಳದಲ್ಲಿ ಗೇಣುದ್ದದ ಮಣ್ಣಿನ ನಾಯಿಗಳು ಸಾಲಾಗಿ ಒಣಗುವುದನ್ನು ಪರಮೇಶಪ್ಪ ಎಷ್ಟೋ ಸಲ ಕಂಡಿದ್ದ. ಜನ ಅವನ್ನು ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಒಪ್ಪಿಸುತ್ತಾರೆ ಎಂದೂ ಕೇಳಿದ್ದ. ಏಕೆ ಒಪ್ಪಿಸುತ್ತಾರೆ ಎಂದು ಕೇಳಿರಲಿಲ್ಲ. ಶನಿವಾರಸಂತೆಯ ಕಡೆಯವನಿಗೆ ಅದು ಬೇಕಾಗಿರಲಿಲ್ಲ.

"ನಿಂಗ, ಇಪ್ಪತ್ತೊಂದು ನಾಯಿ ಬೇಕು." ಹಸಿ ಮಣ್ಣು ಬಿರಿಯುತ್ತದೆ, ಕೈಯಲ್ಲಿ ಹೆಚ್ಚಿಗೆ ಇರಲಿ ಎಂಬುದು ಅವನ ಅಂದಾಜು.

ತಿಗರಿಯ ಮೇಲೆ ನಿಂಗನ ಕೈ ನಿಂತಿತು. "ಇಪ್ಪತ್ತೊಂದಾ? ಜನ ಒಂದು ಕೊಡ್ತಾರೆ, ಎರಡು ಕೊಡ್ತಾರೆ. ಜಮಾದಾರ್ರು ಆ ದೊಡ್ಡ ಹಂದಿ ಹೊಡೆದಾಗ ಮೂರು ಕೊಟ್ಟಿದ್ದೇ ಹೆಚ್ಚು ಸಾವ್ಕಾರ್ರೆ."

"ನಂಗೆ ಇಪ್ಪತ್ತೊಂದು. ಮತ್ತೆ, ಸುಡ್ಬೇಡ."

"ಸುಡದೆ ಏನ್ಮಾಡ್ಲಿ?"

"ಹಸಿಯಾಗೇ ಇರ್ಲಿ. ಒದ್ದೆ ಗೋಣಿ ಸುತ್ತಿ ತಂದ್ಕೊಡು. ಕಾಲು ಮಾತ್ರ ಎತ್ತೋ ಹಂಗಿರ್ಬೇಕು."

"ಶಿವನೇ! ದೇವರ ಮುಂದೆ ಕಾಲೆತ್ತೋ ನಾಯಿನಾ?"

"ನಡೆಯೋಕೆ ಕಣಯ್ಯಾ!" ಎಂದುಬಿಟ್ಟ ಪರಮೇಶಪ್ಪ. ತಕ್ಷಣ ನಾಲಿಗೆ ಕಚ್ಚಿಕೊಂಡ. "ಯಾರಿಗೂ ಹೇಳ್ಬೇಡ."

ನಿಂಗ ಆವರೆಗೆ ಯಾರಿಗೂ ಹೇಳುವ ಯೋಚನೆ ಮಾಡಿರಲಿಲ್ಲ. ಹೇಳಬೇಡ ಎಂದ ಮೇಲೆ ಹೇಳುವಂಥದ್ದೇನೋ ಇದೆ ಎಂದು ಗೊತ್ತಾಯಿತು. ಸಂಜೆಗೆ ವಿಷಯ ಉತ್ತಯ್ಯನವರ ಜಗಲಿಯಲ್ಲಿತ್ತು.

ಉತ್ತಯ್ಯ ಪಲ್ಟನ್ನಿನಿಂದ ಪಿಂಚಣಿ ಪಡೆದ ಜಮಾದಾರರು, ಪರಮೇಶಪ್ಪನ ನೆರೆಯವರು. ಮೂವತ್ತು ವರ್ಷ ಕೋವಿ ಹಿಡಿದವರು. ಹಂದಿ, ಕಡವೆ ಎಲ್ಲ ಆಗಿತ್ತು; ಹುಲಿ ಒಂದು ಮಾತ್ರ ಸಿಕ್ಕಿರಲಿಲ್ಲ. ಅಯ್ಯಪ್ಪ ಬೇಟೆಯ ದೇವರು, ಬೇಟೆ ಒಲಿಯಲಿ ಎಂದು ಹರಕೆ ಹೊತ್ತವರು ನಾಯಿ ಒಪ್ಪಿಸುತ್ತಾರೆ ಎಂಬುದು ಆ ಕಡೆಯ ಮಕ್ಕಳಿಗೂ ಗೊತ್ತು. ಉತ್ತಯ್ಯ ಹೆಂಡತಿ ಬೋಜಮ್ಮನ ಮುಂದೆ ತರ್ಕ ಬಿಡಿಸಿದರು.

"ಹಂದಿಗೆ ಮೂರು ನಾಯಿ. ಇಪ್ಪತ್ತೊಂದು ಅಂದ್ರೆ ಎಂತದು? ಏಳು ಹಂದಿಗೆ ಯಾರೂ ಹರಕೆ ಹೇಳೋದಿಲ್ಲ. ಹುಲಿಯೇ. ಕಾಡಂಚಲ್ಲಿ ಎರಡು ದನ ಹೋಯ್ತಲ್ಲ, ಅದೇ ಹುಲಿ."

"ಅವರು ಲಿಂಗ ಕಟ್ಟೋರು. ಮೊಟ್ಟೆ ಸಹ ಮುಟ್ಟೋದಿಲ್ಲ!"

"ತಿನ್ನೋಕೆ ಯಾರು ಹುಲಿ ಹೊಡೀತಾರೆ ಬೋಜಮ್ಮ?"

ಉತ್ತಯ್ಯನವರಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಕೊಡವರಲ್ಲಿ ಹುಲಿ ಹೊಡೆದವನಿಗೆ ನರಿಮಂಗಲ (ಅವರ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಾರೆ: ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕ ಚಪ್ಪರದಲ್ಲಿ ಕೂರಿಸಿ, ಊರಿಗೆ ಊರೇ ಬಂದು ಅಕ್ಕಿ ಹಾಕಿ ಹರಸುತ್ತದೆ. ಮೂವತ್ತು ವರ್ಷ ತಾವು ಕಂಡ ಕನಸಿನ ಚಪ್ಪರದಲ್ಲಿ ಬೆಲ್ಲ ತೂಗುವ ಪರಮೇಶಪ್ಪ ಕೂತಿದ್ದ.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಬಂದು ದನಿ ತಗ್ಗಿಸಿದರು. "ಸಾವ್ಕಾರ್ರೆ, ವಿಷಯ ಗೊತ್ತಾಯ್ತು."

ಪರಮೇಶಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. "ಎಷ್ಟು ಗೊತ್ತಾಯ್ತು?"

"ಎಲ್ಲ. ಹೊರಗೆ ಹೇಳಿದ್ರೆ ಕೆಲಸ ಕೆಡ್ತದೆ, ನಂಗೆ ಗೊತ್ತುಂಟು. ನಾನು ಬಾಯಿ ಬಿಡೋದಿಲ್ಲ."

"ನಿಮ್ಮ ದಮ್ಮಯ್ಯ ಜಮಾದಾರ್ರೆ. ಪಾಲಿಬೆಟ್ಟಕ್ಕೆ ಮಾತ್ರ ಹೋಗ್ಬಾರ್ದು."

"ಓಹೋ, ಪಾಲಿಬೆಟ್ಟದ ಕಡೆಗೆ ಹೋಗ್ತಾ ಉಂಟಾ ಅದು!" ಉತ್ತಯ್ಯ ತಲೆದೂಗಿದರು. "ಸಾಮಾನು ಬಂತಾ?"

"ಮುಂದಿನ ವಾರ, ಬೆಂಗಳೂರಿಂದ."

"ಎಂತದು? ತೋಟಾ ತುಂಬೋದಾ?"

ಕೋವಿಯ ಗುಂಡಿಗೆ ತೋಟಾ ಎನ್ನುತ್ತಾರೆಂದು ತಿಳಿಯದೆ, ಫಿಲ್ಮಿನ ಸುರುಳಿಗೆ ಪಲ್ಟನ್ನಿನವರು ಹಾಗೆ ಹೇಳುತ್ತಾರೇನೋ ಎಂದುಕೊಂಡ ಪರಮೇಶಪ್ಪ. "ಹ್ಞೂಂ, ಅದೂ ಬೇಕು. ಆದ್ರೆ ಇದು ಕೀಲಿ ಕೊಡೋದು."

"ಕೀಲಿ ಕೊಡೋದು!"

"ಗುಂಡಿ ಒತ್ತಿದ್ರೆ ಸಾಕು. ಸೆಕೆಂಡಿಗೆ ಹದಿನಾರು."

ಉತ್ತಯ್ಯ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟರು. ಮೆಸಪಟೇಮಿಯದಲ್ಲಿ ಎರಡು ವರ್ಷ ಇದ್ದವರು ಅವರು. ಕೀಲಿ ಕೊಡುವ ಕೋವಿಯನ್ನು ತುರ್ಕಿಯವರ ಬಳಿಯೂ ಕಂಡಿರಲಿಲ್ಲ. "ಒಂದು ಹುಲಿಗೆ ಅಷ್ಟು ಬೇಡ ಇತ್ತು," ಎಂದು ಗೊಣಗಿ ಎದ್ದು ಹೋದರು. ಪರಮೇಶಪ್ಪ ಆಗ ಗಿರಾಕಿಯೊಬ್ಬರಿಗೆ ಎಣ್ಣೆ ಅಳೆಯುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಪಾರ್ಸಲು ಅಂಚೆ ಕಚೇರಿಗೆ ಬಂತು. ಮುಕ್ಕಾಲಿಯ ಪೆಟ್ಟಿಗೆ ಎರಡೂವರೆ ಅಡಿ ಉದ್ದ, ಕೈಯಗಲ. ಪೋಸ್ಟ್‌ಮಾಸ್ಟರರು ಸಹಿ ಹಾಕಿಸಿಕೊಳ್ಳುವಾಗ ಎದ್ದು ನಿಂತರು; ಉತ್ತಯ್ಯ ಬಾಯಿ ಬಿಡದೆ ಹೇಳಿದ್ದು ಅಷ್ಟರಲ್ಲಿ ಪೇಟೆಯೆಲ್ಲ ಮುಟ್ಟಿತ್ತು. ಪರಮೇಶಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಅಂಗಡಿಯ ಹಿಂದಿನ ಗೋದಾಮಿಗೆ ಒಯ್ದ. ಬೆಳಕು ಸಾಲದೆಂದು ಗೋದಾಮಿನ ಮಾಡಿನಿಂದ ಹನ್ನೆರಡು ಹೆಂಚು ತೆಗೆಸಿದ. ಹುಲಿಯನ್ನು ಮೇಲಿನಿಂದ ಇಳಿಸಿಕೊಳ್ಳುವ ಹೊಸ ಉಪಾಯ ಇದು ಎಂದು ಸಂತೆಯಲ್ಲಿ ಮಾತಾಯಿತು.

ಮೂರನೆಯ ದಿನ ನಾಡಿನ ಪಾರ್ಪತ್ಯಗಾರ ಕುಟ್ಟಪ್ಪನವರು ಬಂದರು. ಕಂದಾಯದಿಂದ ಹಿಡಿದು ಕಳೆದುಹೋದ ಎಮ್ಮೆಯವರೆಗೆ ಆ ನಾಡಿನಲ್ಲಿ ಸರ್ಕಾರ ಎಂದರೆ ಅವರೇ.

"ಪರಮೇಶಪ್ಪನವರೇ, ನಾನು ನೇರ ಕೇಳ್ತೇನೆ. ಕೊಡವರಿಗೆ, ತಲೆತಲಾಂತರದ ಜಮ್ಮಾ ಭೂಮಿಯವರಿಗೆ ಲೈಸೆನ್ಸು ಬೇಡ. ನಿಮಗೆ ಬೇಕು. ಉಂಟಾ?"

"ಇದಕ್ಕೂ ಲೈಸೆನ್ಸಾ ಸ್ವಾಮಿ?"

"ಇದಕ್ಕೂ ಅಂದ್ರೆ? ಸೆಕೆಂಡಿಗೆ ಹದಿನಾರು ಅಂತೆ! ಅಂಥದ್ದು ಮಡಿಕೇರಿ ಕೋಟೆಯಲ್ಲೂ ಇಲ್ಲ."

ಪರಮೇಶಪ್ಪನಿಗೆ ಮೊದಲು ಭಯವಾಯಿತು. ಎರಡನೆಯ ಉಸಿರಿಗೆ ಭಯ ಹೋಗಿ ಮುಖದಲ್ಲಿ ಒಂದು ಕಾಂತಿ ಬಂತು. ಕ್ಯಾಮೆರಾಗೆ ಸರ್ಕಾರ ಲೈಸೆನ್ಸು ಮಾಡಿದೆ ಎಂದರೆ ಲೈಸೆನ್ಸಿಲ್ಲದೆ ಕ್ಯಾಮೆರಾ ಇಟ್ಟುಕೊಂಡ ಇನ್ನೊಬ್ಬನೂ ಇದ್ದಾನೆ.

"ಸ್ವಾಮಿ, ನಾನು ಎಂಟು ದಿನದಲ್ಲಿ ಮಾಡಿಸ್ತೀನಿ. ಆದ್ರೆ ಪಾಲಿಬೆಟ್ಟದಲ್ಲಿ ಕರಿಬಸಪ್ಪ ಅಂತ ರೈಟರು. ನಮ್ಮೋರೇ, ಹೇಳೋಕೆ ಸಂಕಟ ಆಯ್ತದೆ. ಅವರ ಹತ್ರಾನೂ ಒಂದಿದೆ. ಗೌರಿ ಹಬ್ಬದಲ್ಲಿ ನಮ್ಮ ಮಾವನೋರ ಮೇಲೇ ಇಟ್ಟಿದ್ರು."

"ಮಾವನ ಮೇಲಾ?"

"ಅಲ್ಲಾಡ್ಬೇಡಿ ಅಂತ ಗದರಿಸಿ ಬೇರೆ."

ಪಾರ್ಪತ್ಯಗಾರರು ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು. ಮರುದಿನ ಇಬ್ಬರು ಜವಾನರು ಪಾಲಿಬೆಟ್ಟದಲ್ಲಿ ಕರಿಬಸಪ್ಪನ ಮನೆಯ ಅಟ್ಟ, ಹಾಸಿಗೆ, ಹಿಟ್ಟಿನ ಡಬ್ಬ ಎಲ್ಲ ಜಾಲಾಡಿದರು. ಎಸ್ಟೇಟಿನ ಆಳುಗಳ ಅರ್ಧ ಲೈನು ಹಣ್ಣು ಕೊಯ್ಯುವುದು ಬಿಟ್ಟು ಬೇಲಿಯ ಹತ್ತಿರ ನಿಂತು ನೋಡಿತು. ಜವಾನರಿಗೆ ಕೋವಿ ಸಿಗಲಿಲ್ಲ. ಆದರೆ ಕರಿಬಸಪ್ಪನಿಗೆ ಸುದ್ದಿ ಸಿಕ್ಕಿತು: ಅಣ್ಣ ಹುಲಿಗೆ ಹೊರಟಿದ್ದಾರೆ, ಕೀಲಿ ಕೊಡುವ ಕೋವಿ ತರಿಸಿದ್ದಾರೆ, ಇಪ್ಪತ್ತೊಂದು ನಾಯಿಯ ಹರಕೆ.

ಕರಿಬಸಪ್ಪ ನಕ್ಕುಬಿಡಬಹುದಿತ್ತು. ಆದರೆ ಹುಲಿಯ ಪಕ್ಕ ಹೂಮಾಲೆ ಹಾಕಿಕೊಂಡ ಅಣ್ಣನ ಮುಂದೆ ತನ್ನ ಗಾಜಿನ ಕಟ್ಟಿನ ಫೋಟೋ ಯಾವ ಮೂಲೆಗೆ? ಆವತ್ತೇ ಮಾವನವರಿಗೆ ಕಾಗದ ಬರೆದ: "ಅಣ್ಣನವರು ಜೀವಹಿಂಸೆಗೆ ಇಳಿದಿರುವುದು ನಮ್ಮ ಕುಲಕ್ಕೆ ಯೋಗ್ಯವಲ್ಲವೆಂದು ನನ್ನ ನಮ್ರ ಅಭಿಪ್ರಾಯ." ಕಾಗದ ಅಂಚೆಗೆ ಹಾಕಿ ಬಂದವನು ಡಬ್ಬಿ ಕ್ಯಾಮೆರಾಗೆ ಹೊಸ ಫಿಲ್ಮು ತುಂಬಿದ. ಹುಲಿ ಬಿದ್ದರೆ ಫೋಟೋ ತನ್ನದಾಗಿರಲಿ ಎಂದು.

ಇತ್ತ ಗೋದಾಮಿನಲ್ಲಿ ಪರಮೇಶಪ್ಪ ಬಾಗಿಲು ಹಾಕಿಕೊಂಡಿದ್ದ. ಒಂದು ಹಲಗೆ, ಅದರ ಮೇಲೆ ನಾಯಿಗಳು. ಮುಂದೆ ಮುಕ್ಕಾಲಿಯ ಮೇಲೆ ಕ್ಯಾಮೆರಾ. ಗೋದಾಮು ಎಷ್ಟು ಇಕ್ಕಟ್ಟೆಂದರೆ ಕ್ಯಾಮೆರಾಗೂ ಹಲಗೆಗೂ ನಡುವೆ ಮನುಷ್ಯ ನಿಲ್ಲುವಂತಿರಲಿಲ್ಲ. ಆದ್ದರಿಂದ ಪರಮೇಶಪ್ಪ ಹಲಗೆಯ ಹಿಂದೆ ಅಕ್ಕಿಮೂಟೆಗಳ ಮೇಲೆ ಕೂತು ನಾಯಿಯ ಕಾಲು ಸರಿಸುವುದು, ಹಲಗೆಯ ಮೇಲಿಂದ ಬಗ್ಗಿ ಕೈ ಚಾಚಿ ಗುಂಡಿ ಒತ್ತುವುದು ಎಂದು ಮಾಡಿಕೊಂಡ. ಎಚ್ಚರಗೇಡಿಯಲ್ಲ ಅವನು. ಹತ್ತು ಸಲಕ್ಕೊಮ್ಮೆ ಸುತ್ತಿ ಈಚೆ ಬಂದು ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಪರೀಕ್ಷಿಸುತ್ತಿದ್ದ. ನಾಯಿಗಳು, ಮೂಟೆಗಳು, ಬೇರೇನೂ ಇರುತ್ತಿರಲಿಲ್ಲ. ಅವನು ನೋಡಿದಾಗಲೆಲ್ಲ ಅಲ್ಲಿ ಅವನು ಇರುತ್ತಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಗುಂಡಿ ಒತ್ತಿದರೆ ಕ್ಯಾಮೆರಾ ಟರ್‌ ಎನ್ನುತ್ತಿತ್ತು. ತಕ್ಕಡಿಯ ಕೈ ಎಷ್ಟು ಬೇಗ ಬಿಟ್ಟರೂ ಟರ್‌ ಎಂದೇ ಬಿಡುತ್ತಿತ್ತು. ಫಿಲ್ಮಿನಲ್ಲಿ ಸಾವಿರದ ಇನ್ನೂರು ಚಿತ್ರ ಹಿಡಿಸುತ್ತದೆ ಎಂದು ಡಬ್ಬದ ಮೇಲೆ ಅಚ್ಚಾಗಿತ್ತು. ಪರಮೇಶಪ್ಪ ನೂರಾ ಹದಿನೆಂಟು ಸಲ ಒತ್ತಿದ್ದೇ ಮುಗಿದುಹೋಯಿತು. ಇಂಗ್ಲಿಷಿನವರ ಸಾವಿರ ಇಷ್ಟೇ ಇರಬೇಕು ಎಂದುಕೊಂಡ. ಮೂರು ದಿನ ಹಿಡಿದಿತ್ತು. ಅಷ್ಟರಲ್ಲಿ ಹನ್ನೆರಡು ನಾಯಿ ಬಿರುಕು ಬಿಟ್ಟಿದ್ದವು.

ಕೊನೆಯ ನಾಯಿಯ ಬಾಲ ಸರಿಸಿ ಕೈ ಒರೆಸಿಕೊಳ್ಳುವಾಗ ಬಾಗಿಲು ದಬದಬ ಬಡಿದ ಸದ್ದಾಯಿತು.

ಹೊರಗೆ ಮಾವನವರು. ಮಂಡಿನೋವಿನಲ್ಲಿ ಶನಿವಾರಸಂತೆಯಿಂದ ಬಸ್ಸು ಹತ್ತಿ ಬಂದಿದ್ದರು. ಒಂದು ಪಕ್ಕದಲ್ಲಿ ಡಬ್ಬಿ ಹಿಡಿದ ಕರಿಬಸಪ್ಪ, ಇನ್ನೊಂದು ಪಕ್ಕದಲ್ಲಿ ಪಾರ್ಪತ್ಯಗಾರರು, ಹಿಂದೆ ಪೇಟ ಸುತ್ತಿ ಸಿದ್ಧರಾದ ಉತ್ತಯ್ಯ. ಅವರ ಹಿಂದೆ, ಹುಲಿ ಬಿದ್ದರೆ ಊದಲು ಕೊಂಬಿನವರು ಇಬ್ಬರು.

"ಲಿಂಗ ಕಟ್ಟಿದ ಮೈಯಲ್ಲಿ ಕೋವಿ ಹಿಡೀತೀಯೇನೋ?" ಎಂದರು ಮಾವ.

ಪರಮೇಶಪ್ಪ ಮೊಣಕೈವರೆಗೂ ಮಣ್ಣಾಗಿ ನಿಂತಿದ್ದ. "ಯಾವ ಕೋವಿ?"

"ಎಲ್ಲಿ ಹುಲಿ?" ಎಂದರು ಉತ್ತಯ್ಯ.

"ಯಾವ ಹುಲಿ?"

ಉತ್ತಯ್ಯ ಅವನನ್ನು ಸರಿಸಿ ಒಳಗೆ ನುಗ್ಗಿದರು. ಹಲಗೆಯ ಮೇಲೆ ಒಂಬತ್ತು ನಾಯಿಗಳು ಒಂದೊಂದು ಕಾಲು ಎತ್ತಿಕೊಂಡು ಅವರನ್ನು ನೋಡಿದವು. ಪಾರ್ಪತ್ಯಗಾರರು ಕ್ಯಾಮೆರಾವನ್ನು ತಲೆಕೆಳಗೆ ಮಾಡಿ ಗುಂಡು ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಕೀಲಿ ಕೊಟ್ಟರು. ಗುಂಡಿ ಒತ್ತಿದರು. ಟರ್‌ ಎಂದಿತು. ಕೊಂಬಿನವರು ಹೊರಗೆ ಓಡಿದರು.

"ಇದರಲ್ಲಿ ಹೊಡೆಯೋಕೇ ಆಗೋದಿಲ್ವಾ?" ಉತ್ತಯ್ಯನವರ ದನಿಯಲ್ಲಿ ನಿರಾಸೆಯಿತ್ತೋ ನೆಮ್ಮದಿಯಿತ್ತೋ ಹೇಳುವುದು ಕಷ್ಟ. ಮುಖ ಮಾತ್ರ ಹದಿನೈದು ದಿನದಿಂದ ಇಲ್ಲದಷ್ಟು ಹಗುರಾಗಿತ್ತು. "ಬೋಜಮ್ಮ, ಅಕ್ಕಿ ರೊಟ್ಟಿ ಹಾಕು, ಹಸಿವಾಗ್ತಾ ಉಂಟು!" ಎಂದು ಬೇಲಿಯ ಆಚೆಗೆ ಕೂಗಿದರು. ಆಮೇಲೆ ಕಟ್ಟುನಿಟ್ಟಾಗಿ ಹೇಳಿದರು: "ಆದ್ರೆ ಸಾವ್ಕಾರ್ರೆ, ಊರೆಲ್ಲ ಹರಕೆ ಅಂತ ಆಗಿಹೋಗಿದೆ. ಉಳಿದ ನಾಯಿ ಸುಡಿಸಿ ದೇವರಕಾಡಿಗೆ ಮುಟ್ಟಿಸ್ಬೇಕು."

ಪರಮೇಶಪ್ಪ ತಲೆಯಾಡಿಸಿದ. ಅವನ ಕಣ್ಣೆಲ್ಲ ಕರಿಬಸಪ್ಪನ ಮೇಲಿತ್ತು. ಕರಿಬಸಪ್ಪ ನಗುತ್ತಿದ್ದ, ಗೋಡೆ ಹಿಡಿದುಕೊಂಡು ನಗುತ್ತಿದ್ದ.

"ಅಣ್ಣ, ಬೊಂಬೆ ಆಡೋಕೆ ಶುರು ಮಾಡಿದೀರಾ?"

"ಕರಿಬಸಪ್ಪನೋರೆ," ಎಂದ ಪರಮೇಶಪ್ಪ; ಸಿಟ್ಟು ಬಂದಾಗ ಅವನು ಬಹುವಚನಕ್ಕೆ ಏರುತ್ತಿದ್ದ. "ನಿಮ್ಮ ಡಬ್ಬೀಲಿ ಮನುಷ್ಯರು ಬೊಂಬೆ ಆಗ್ತಾರೆ. ನನ್ನದರಲ್ಲಿ ಬೊಂಬೆಗೆ ಜೀವ ಬರ್ತದೆ. ಯುಗಾದಿ ದಿನ ಮಾವನೋರ ಪಡಸಾಲೇಲಿ ಈ ನಾಯಿಗಳು ನಡೀತವೆ."

ಮಾವನವರು ಮಣ್ಣಿನ ನಾಯಿಯನ್ನು ನೋಡಿದರು, ಅಳಿಯನನ್ನು ನೋಡಿದರು. "ನಡೆದ್ರೆ ಕುರ್ಚಿ ನಿಂದು. ನಡೀಲಿಲ್ಲ ಅಂದ್ರೆ ಬಾಗಿಲ ಹತ್ರ ಮಣೆ."

ಚಾಪೆಗಿಂತ ಕೆಳಗೂ ಒಂದು ಜಾಗ ಇದೆ ಎಂದು ಪರಮೇಶಪ್ಪನಿಗೆ ಆವತ್ತು ತಿಳಿಯಿತು.

ಫಿಲ್ಮು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಯುಗಾದಿಗೆ ನಾಲ್ಕು ದಿನ ಮುಂಚೆ ಬಂತು. ಪರಮೇಶಪ್ಪ ಅದನ್ನು ಮೊದಲು ನೋಡಿಕೊಳ್ಳಬಹುದಿತ್ತು. ಆದರೆ ಯಂತ್ರದ ದೀಪಕ್ಕೆ ಮೋಟಾರಿನ ಬ್ಯಾಟರಿ ಬೇಕು, ಬಸ್ಸಿನ ಮಾಲೀಕನನ್ನು ಕೇಳಿದರೆ ಅವನೂ ನೋಡಲು ಬಂದು ಕೂರುತ್ತಾನೆ, ನಾಯಿ ಹೇಗೆ ನಡೆದವೆಂಬ ಸುದ್ದಿ ಹಬ್ಬಕ್ಕೆ ಮುಂಚೆಯೇ ಪಾಲಿಬೆಟ್ಟಕ್ಕೆ ಮುಟ್ಟುತ್ತದೆ. ಹಾಗೇ ಕಟ್ಟಿಕೊಂಡು ಶನಿವಾರಸಂತೆಗೆ ಹೋದ. ಬ್ಯಾಟರಿಯನ್ನು ಅಲ್ಲೇ ಎರವಲು ತಂದ.

ಹಬ್ಬದ ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಹೊದಿಸಿದರು, ಗೋಡೆಗೆ ಬಿಳಿ ಪಂಚೆ ಕಟ್ಟಿದರು. ಮನೆಯವರು, ಬೀದಿಯವರು ಸೇರಿ ಐವತ್ತು ಜನ. ಯಂತ್ರವನ್ನು ಇಡಲು ಸರಿಯಾದ ಎತ್ತರ ಬೇಕಿತ್ತು. ಮಂಚ ತಗ್ಗು, ಕಣಜ ಎತ್ತರ. ಹಲಗೆಯೊಂದನ್ನು ಅಡ್ಡ ಇಟ್ಟು ಅದರ ಮೇಲೆ ಯಂತ್ರ ಕೂರಿಸಲು ಒಂದೇ ಜಾಗ ಒದಗಿತು: ಕುರ್ಚಿಯ ಎರಡು ಕೈಗಳು. ಕರಿಬಸಪ್ಪ ಏಳಬೇಕಾಯಿತು. ಅವನು ಎದ್ದ ರೀತಿಯನ್ನು ಪರಮೇಶಪ್ಪ ಮನಸ್ಸಿನಲ್ಲೇ ಫೋಟೋ ತೆಗೆದುಕೊಂಡ.

ದೀಪ ಹತ್ತಿತು. ಪಂಚೆಯ ಮೇಲೆ ನಾಯಿಗಳು ಕಂಡವು. ಐವತ್ತು ಜನ ಕತ್ತು ಮುಂದೆ ಚಾಚಿದರು.

ನಾಯಿಗಳ ಹಿಂದೆ ಪರಮೇಶಪ್ಪ ಕೂತಿದ್ದ.

ಕೂತಿದ್ದ ಎನ್ನುವುದು ತಪ್ಪು. ಎಡಗಡೆ ಇದ್ದವನು ಬಲಗಡೆಗೆ ನೆಗೆದ. ಪೇಟ ಇತ್ತು, ಮಾಯವಾಯಿತು, ತೊಡೆಯ ಮೇಲೆ ಬಂತು. ಬಾಯಿ ತೆರೆದಿತ್ತು, ಮುಚ್ಚಿತು, ಬಾಯಿಂದ ಅರ್ಧ ರೊಟ್ಟಿ ನೇತಾಡಿತು. ಸುಲೋಚನಮ್ಮನ ಕೈಯೊಂದು ಕಾಫಿ ಲೋಟ ಇಟ್ಟಿತು; ಯಾರೂ ಮುಟ್ಟದೆ ಲೋಟ ಖಾಲಿಯಾಯಿತು. ಕೆನ್ನೆಯ ಮೇಲೆ ಮಣ್ಣಿನ ಪಟ್ಟೆಗಳು ಒಂದೊಂದಾಗಿ ಮೂಡಿದವು. ಅರೆಕ್ಷಣಕ್ಕೊಮ್ಮೆ ಅವನು ಹೊಟ್ಟೆಯನ್ನು ಹಲಗೆಗೆ ಒತ್ತಿ, ನಾಲಿಗೆ ಕಚ್ಚಿ, ಕೈ ಚಾಚುತ್ತಿದ್ದ. ಆ ಕೈ ಮೊರದಗಲವಾಗಿ ಪಂಚೆಯಿಂದ ಹೊರಗೆ ಬಂದು ನೋಡುವವರ ಮೂಗು ಹಿಂಡುವಂತಿತ್ತು. ನೂರಾ ಹದಿನೆಂಟು ಸಲ ಬಂತು. ಮುಂದಿನ ಸಾಲಿನ ಹೆಂಗಸರು ನೂರಾ ಹದಿನೆಂಟು ಸಲ ಹಿಂದಕ್ಕೆ ವಾಲಿದರು.

ಕೆಳಗೆ ನಾಯಿಗಳು ನಿಜವಾಗಿಯೂ ನಡೆದವು, ಗಡಿಯಾರದ ಮುಳ್ಳಿನ ಹಾಗೆ, ಒಂದು ಗೇಣು. ಅದನ್ನು ಕಂಡವನು ಲೋಕದಲ್ಲಿ ಪರಮೇಶಪ್ಪ ಒಬ್ಬನೇ.

ಒಂದು ನಿಮಿಷ ಹದಿನೈದು ಸೆಕೆಂಡಿಗೆ ಎಲ್ಲ ಮುಗಿಯಿತು. ಪಡಸಾಲೆ ನಗುವಿನಲ್ಲಿ ಅಲ್ಲಾಡುತ್ತಿತ್ತು. ರುದ್ರಮ್ಮ ಅಕ್ಕನ ಹೆಗಲಿಗೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಮಾವನವರು ಮಂಚದ ಮೇಲೆ ಮಗುಚಿ ಬಿದ್ದು, ಮಂಡಿಯನ್ನು ತಾವೇ ಬಡಿದುಕೊಂಡು, ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಹಾಕೋ! ಆ ರೊಟ್ಟೀದು ಇನ್ನೊಂದ್ಸಲ!"

ಸಂಜೆಯೊಳಗೆ ಏಳು ಸಲ ಹಾಕಬೇಕಾಯಿತು. ಏಳನೆಯದರ ನಂತರ ಪರಮೇಶಪ್ಪ ತೀರ್ಪು ಕೇಳಿದ. "ಮಾವ, ಕುರ್ಚಿ..."

"ಕುರ್ಚಿ ಹಂಗೇ ಇರ್ಲಿ," ಎಂದರು ಚನ್ನಮಲ್ಲಪ್ಪನವರು. "ಯಂತ್ರ ಇಳಿಸ್ಬೇಡ. ನಾಳೆ ಬೀಗರು ಬತ್ತಾರೆ, ಅವರೂ ನೋಡ್ಲಿ. ಇದು ಇಲ್ಲೇ ಇದ್ಬಿಡ್ಲಿ."

ಕುರ್ಚಿ ಯಂತ್ರದ ಪಾಲಾಯಿತು. ಪರಮೇಶಪ್ಪ ಚಾಪೆಯ ಮೇಲೆ ಕೂತ. ಎರಡು ನಿಮಿಷದ ಮೇಲೆ ಪಕ್ಕದಲ್ಲಿ ಕರಿಬಸಪ್ಪನೂ ಬಂದು ಕೂತ. ತನ್ನ ಪಕ್ಕದ ಚಾಪೆಯ ಮೇಲೆ ಮಡಿಸಿದ ಆ ಕಾಲುಗಳನ್ನು ನೋಡಿ ಪರಮೇಶಪ್ಪನಿಗೆ ಆದ ಸಂತೋಷ ಕುರ್ಚಿಯಲ್ಲಿ ಹನ್ನೆರಡು ವರ್ಷ ಕೂತಾಗಲೂ ಆಗಿರಲಿಲ್ಲ.

ಆದರೆ ಗೋಡೆಯ ಮೇಲಿನ ಗಾಜಿನ ಕಟ್ಟಿನ ಫೋಟೋವನ್ನು ಪಂಚೆ ಕಟ್ಟಲೆಂದು ಇಳಿಸಿದ್ದರು. ಅದನ್ನು ಮತ್ತೆ ನೇತುಹಾಕಬೇಕೆಂದು ಯಾರಿಗೂ ನೆನಪಾಗಲಿಲ್ಲ. ಕರಿಬಸಪ್ಪ ಅದನ್ನೂ ನೋಡಿದ್ದ, ಮಾವನವರ ನಗುವನ್ನೂ ನೋಡಿದ್ದ.

ಹದಿನೈದು ದಿನಕ್ಕೆ ನಿಂಗ ಅಂಗಡಿಗೆ ಬಂದ.

"ಸಾವ್ಕಾರ್ರೆ, ಪಾಲಿಬೆಟ್ಟದ ರೈಟರು ನಲವತ್ತೆರಡು ನಾಯಿ ಹೇಳವ್ರೆ. ಸುಡ್ಬೇಡ ಅಂದ್ರು. ನಿಮಗೊಂದು ಚೀಟಿ ಕೊಟ್ಟವ್ರೆ."

ಚೀಟಿಯಲ್ಲಿ ಹೀಗಿತ್ತು: "ಪೂಜ್ಯ ಅಣ್ಣನವರಿಗೆ ಕರಿಬಸಪ್ಪನ ಶರಣು. ಕ್ಯಾಟಲಾಗು ತರಿಸಿದ್ದೇನೆ. ಹಿಡಿಯದನ್ನು ತೆಗೆದುಕೊಳ್ಳಲೋ, ಕೀಲಿಯದನ್ನೋ? ತಮ್ಮ ಅನುಭವದ ಮಾತು ಬೇಕು."

ಪರಮೇಶಪ್ಪ ಸೀಸದ ಕಡ್ಡಿ ಹುಡುಕಿದ. ಕೀಲಿಯದು ಎಂದು ಬರೆಯಲು ಹೊರಟ. ಕೆಡಲಿ, ತನಗಾದದ್ದೇ ಅವನಿಗೂ ಆಗಲಿ. ಕಡ್ಡಿ ನಿಂತಿತು. ತನಗಾದದ್ದು ಏನು? ಮಾವನವರು ಬಿದ್ದು ಬಿದ್ದು ನಕ್ಕರು. ಕರಿಬಸಪ್ಪನಿಗೂ ಹಾಗೇ ನಕ್ಕುಬಿಟ್ಟರೆ? ಸರಿ, ಹಿಡಿಯದು ಎಂದು ಬರೆಯೋಣ. ಆದರೆ ಹಿಡಿಯದರಲ್ಲಿ ನಾಯಿಗಳು ನಿಜಕ್ಕೂ ನಡೆಯುತ್ತವೆ. ಅಂಗಡಿಯವನು ಆಗಲೇ ಹೇಳಿದ್ದ. ನಲವತ್ತೆರಡು ನಾಯಿ, ಐವತ್ತು ಜನರೆದುರು, ಬಾಲ ಆಡಿಸುತ್ತ!

"ನಾಳೆ ಬಾ ನಿಂಗ."

ನಿಂಗ ಮರುದಿನ ಬಂದ, ಅದರ ಮರುದಿನವೂ ಬಂದ. ಪರಮೇಶಪ್ಪ ರಾಗಿ ಕೇಳಿದವರಿಗೆ ಜೋಳ ಅಳೆದ, ಊಟದಲ್ಲಿ ಮಜ್ಜಿಗೆಯಲ್ಲಿ ಕೈತೊಳೆದ. "ಯಾವುದೋ ಒಂದು ಬರೆದು ಕಳಿಸಬಾರ್ದಾ?" ಎಂದ ಸುಲೋಚನಮ್ಮನನ್ನು ದುರುಗುಟ್ಟಿ ನೋಡಿದ.

ಎಂಟನೆಯ ದಿನ ನಿಂಗ ಮೆಟ್ಟಿಲಿಂದಲೇ ಕೂಗಿದ. "ಏನಾದ್ರೂ ಹೇಳಿ ಸಾವ್ಕಾರ್ರೆ. ನಿಮ್ಮ ಮಾತು ಬಾರದೆ ಅವರು ಕ್ಯಾಮೆರಾ ತರಿಸಲ್ಲ, ಕ್ಯಾಮೆರಾ ಬಾರದೆ ನಾಯಿ ಒಯ್ಯಲ್ಲ ಅಂತಾರೆ. ಗೋಣಿ ಎಷ್ಟು ಒದ್ದೆ ಮಾಡಿದ್ರೂ ನಿಲ್ತಾ ಇಲ್ಲ. ನಲವತ್ತೆರಡೂ ಒಣಗ್ತಾ ಬಂದವೆ, ಒಣಗಿದ್ರೆ ಕಾಲು ಅಲ್ಲಾಡಲ್ಲ!"

ಪರಮೇಶಪ್ಪನ ಮುಖ ಮೆಲ್ಲಗೆ ಅರಳಿತು. ಅವನು ಚೀಟಿಯನ್ನು ಮಡಿಸಿ ಅದರಲ್ಲಿ ಒಂದು ಹಿಡಿ ಕಡಲೆ ಹಾಕಿ, ಪೊಟ್ಟಣ ಕಟ್ಟಿ, ನಿಂಗನ ಕೈಗೆ ಕೊಟ್ಟ.

"ಒಣಗಲಿ," ಎಂದ.